ಕಲ್ಲು ತೊಳೆಯುವ ಹದ

ಕರಾವಳಿಯ ಕಥೊಲಿಕ್ ಮನೆಗಳಲ್ಲಿ ಅಕ್ಟೋಬರ್ ಕೊನೆಗೆ ಒಂದು ಕೆಲಸ ಮೀಸಲು. ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಧರ್ಮಗುರುಗಳು ಬಂದು ಗೋರಿಗಳನ್ನು ಆಶೀರ್ವದಿಸುವ ಮುಂಚೆ ಅಜ್ಜ ಅಜ್ಜಿಯರ ಸಮಾಧಿ ಚೊಕ್ಕವಾಗಿರಬೇಕು. ಅಷ್ಟರಲ್ಲಿ ಮಳೆಗಾಲ ಎಲ್ಲವನ್ನೂ ಪಾಚಿಗಟ್ಟಿಸಿರುತ್ತದೆ.

ಈ ಕೆಲಸ ಬಲ್ಲವರ ಬಗ್ಗೆ ನನಗೆ ಗೌರವ ಹುಟ್ಟುವುದು ಅವರ ನಿಧಾನ ನೋಡಿ. ಮೊದಲು ಕಲ್ಲಿಗೆ ಧಾರಾಳ ನೀರು ಕುಡಿಸುತ್ತಾರೆ. ನೆನೆದ ಪಾಚಿಯನ್ನು ಮರದ ಚಕ್ಕೆಯಿಂದ ಎಬ್ಬಿಸಿ, ಮೆತ್ತನೆಯ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಾರೆ. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣಕಲ್ಲಿನ ಮೇಲೆ ಇಳಿದು ಗೆರೆ ಬಿಡುತ್ತದೆ. ಅಕ್ಷರಗಳ ಸಂದಿಗೆ ಹಳೆಯ ಟೂತ್‌ಬ್ರಷ್ ಸಾಕು.

ಅವಸರದವರ ಕೈಯಲ್ಲಿ ಆಸಿಡ್ ಬಾಟಲಿ ಇರುತ್ತದೆ. ಅಮೃತಶಿಲೆ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್ ಬಿದ್ದರೆ ನೊರೆಯೆದ್ದು ಕಲ್ಲೇ ಕರಗುತ್ತದೆ. ಆ ಹೊತ್ತಿಗೆ ಬೆಳ್ಳಗೆ ಕಂಡರೂ ಮೈ ತರಿತರಿಯಾಗಿ, ಮುಂದಿನ ಮಳೆಗೆ ಪಾಚಿ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ತಂತಿ ಬ್ರಷ್ಷಿನ ಮಾತಂತೂ ಬೇಡವೇ ಬೇಡ. ಗ್ರಾನೈಟ್ ಹೇಗೋ ತಡೆದುಕೊಂಡೀತು. ಮುರಕಲ್ಲಿಗೆ ಸುಣ್ಣದ ಗಾರೆ ಮೆತ್ತಿದ ಹಳೆಯ ಗೋರಿಗಳದ್ದು ಬೇರೆ ಕಥೆ: ಬಿರುಕಿಗೆ ಸಿಮೆಂಟ್ ತುಂಬಿದರೆ ತೇವ ಒಳಗೇ ಸಿಕ್ಕಿಕೊಂಡು ಕಲ್ಲು ಉದುರತೊಡಗುತ್ತದೆ. ಅಲ್ಲಿ ಸುಣ್ಣದ ಗಾರೆಯನ್ನೇ ಕಲಸಬೇಕು, ಎಷ್ಟೇ ತಡವಾದರೂ.

ಕಪ್ಪು ಕಲೆ ಪೂರಾ ಹೋಗಲೇಬೇಕೆಂಬ ಹಟ ನನಗೆ ಹಿಡಿಸುವುದಿಲ್ಲ. ಹೆಸರು, ಇಸವಿ ಓದಲು ಬಂದರೆ ಸಾಕು. ಅಕ್ಷರ ತೀರಾ ಸವೆದಿದ್ದರೆ ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಓರೆಯಾಗಿ ಹಾಯಿಸಬಹುದು. ಕೆತ್ತನೆಯ ತಗ್ಗಿನಲ್ಲಿ ನೆರಳು ಕೂತು ಹೆಸರು ಎದ್ದು ಕಾಣುತ್ತದೆ. ಸೀಮೆಸುಣ್ಣ ತಿಕ್ಕಿ ಓದುವುದಕ್ಕಿಂತ ಇದು ಎಷ್ಟೋ ವಾಸಿ.