ಕನ್ನಡ ಬಾರದ ಸಂಶಯ

ನಮ್ಮ ಹೊಸಹೊಳಲಿನ ಲಕ್ಷ್ಮೀನಾರಾಯಣನ ಗುಡಿಯ ಜಗತಿಯ ಮೇಲೆ ಆಡಿ ಬೆಳೆದವನಿಗೆ ದೇವರ ಜೊತೆಗಿನ ಜಗಳ ಹೊಸದೇನಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮಜ್ಜಿ ದೀಪ ಹಚ್ಚುತ್ತಲೇ ಬೈಯುವಳು: "ಕಣ್ಣು ಹೋಗಿದ್ದಾವಾ ನಿಂಗೆ?" ಬೈದು ಮುಗಿದ ಮೇಲೆ ಎಣ್ಣೆ ಸಾಲದೆಂದು ಇನ್ನೊಂದಿಷ್ಟು ಹುಯ್ಯುವಳು. ಇದನ್ನೇ ದಾಸರು ರಾಗಕ್ಕೆ ಕೂರಿಸಿದರು, ಪಂಡಿತರು ನಿಂದಾಸ್ತುತಿ ಎಂದರು. ಶ್ರೀರಂಗಪಟ್ಟಣ ಸೀಮೆಯ ಕ್ರೈಸ್ತ ಪರಂಪರೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಕೂತಾಗ ನಾನು ಹುಡುಕಿದ್ದೂ ಇದನ್ನೇ. ಮುನ್ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಇಲ್ಲಿ ಕ್ರಿಸ್ತನ ಹೆಸರು ಹೇಳಿದವರಿದ್ದಾರೆ. ಅವರ ಅನುಮಾನ ಯಾವ ಮಾತಿನಲ್ಲಿ ಹೊರಬಂತು?

ಸಂಶಯವೂ ವಿಶ್ವಾಸದ ಒಂದು ಮೆಟ್ಟಿಲು ಎಂದು ಈಚೆಗೆ ಕ್ರೈಸ್ತ ಧ್ಯಾನಕೂಟಗಳಲ್ಲಿ ಧಾರಾಳವಾಗಿ ಹೇಳುತ್ತಾರೆ. ಮಾತು ಸರಿಯೇ. ಆದರೆ ಹಾಗೆ ಹೇಳುವಾಗಿನ ದನಿ ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಕಾಡಿಗೆ ಹೋಗುವವನ ಕೈಗೆ ಊಟದ ಬುತ್ತಿಯನ್ನೂ ವಾಪಸು ಬರುವ ಟಿಕೆಟ್ಟನ್ನೂ ಕೊಟ್ಟು, ದಾರಿ ತಪ್ಪಿ ನೋಡು ಎಂದ ಹಾಗಿರುತ್ತದೆ. ನಮ್ಮ ಸೀಮೆಯಲ್ಲಿ ಸಂಶಯಪಟ್ಟವರಿಗೆ ಆ ಟಿಕೆಟ್ ಇರಲಿಲ್ಲ.

ಮೊದಲಿಗೆ ಬಂದವರು ಜೆಸ್ವಿತರು. ಕಂಠೀರವ ನರಸರಾಜ ಒಡೆಯರ ಕಾಲಕ್ಕೆ, 1649ರ ಸುಮಾರಿಗೆ, ಇಟಲಿಯ ಲಿಯನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಶುರುಮಾಡಿದ. ಕನ್ನಡ ಕಲಿತ, ಧರ್ಮೋಪದೇಶದ ಪುಸ್ತಕ ಬರೆದ. ಈ ಮಿಷನ್ನಿನ ಪಾದ್ರಿಗಳು ಸನ್ಯಾಸಿಗಳಂತೆ ಉಟ್ಟು ಓಡಾಡಿದರು. ಅವರ ಧೈರ್ಯ ದೊಡ್ಡದು. ಆದರೆ ಉತ್ತರ ಜೇಬಿನಲ್ಲಿ ಇಟ್ಟುಕೊಂಡೇ ಬಂದವರು ಅವರು. ನನ್ನ ಪ್ರಶ್ನೆಗೆ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಸಿಗುವುದು 1799ರ ಆಚೆಗೆ. ಟಿಪ್ಪು ಬಿದ್ದ ಮೇಲೆ ಪಟ್ಟಣದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವನು ಫ್ರಾನ್ಸಿನ ಅಬ್ಬೆ ದ್ಯುಬುವಾ. ಕಾವೇರಿ ದಡದ ಗಂಜಾಂನಲ್ಲಿ 1800ರಲ್ಲಿ ಚರ್ಚು ಕಟ್ಟಿಸಿದ. ಇವತ್ತಿಗೂ ಅದು ಅವನ ಹೆಸರಿನದೇ. ನಮ್ಮವರಂತೆ ಉಟ್ಟ, ನಮ್ಮವರಂತೆ ಉಂಡ. ಹಾಸನದ ಕಡೆಯ ಸಾತಳ್ಳಿಯಲ್ಲಿ ಒಕ್ಕಲು ಮಾಡಿಸಿ ಬಡ ಕ್ರೈಸ್ತರನ್ನು ನೆಲೆ ನಿಲ್ಲಿಸಿದ. ಜನ ದೊಡ್ಡಸ್ವಾಮಿಯವರು ಎಂದರು. ಸಿಡುಬಿಗೆ ದಾಕು ಹಾಕಿಸುವುದಕ್ಕೆ ಹಳ್ಳಿ ಹಳ್ಳಿ ತಿರುಗಿದ. 1803-04ರ ಕೆಲವೇ ತಿಂಗಳಲ್ಲಿ ದಾಕು ಹಾಕಿಸಿಕೊಂಡವರ ಲೆಕ್ಕ 25 ಸಾವಿರ ದಾಟಿತ್ತು. ನಮ್ಮ ಆಚಾರ ವ್ಯವಹಾರಗಳ ಬಗ್ಗೆ ಅವನ ಹೆಸರಲ್ಲಿದ್ದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ಪಗೋಡ ಕೊಟ್ಟು ಕೊಂಡು 1816ರಲ್ಲಿ ಅಚ್ಚು ಹಾಕಿಸಿತು. ಅದರ ಬಹುಭಾಗ ಹಿಂದಿನ ಜೆಸ್ವಿತ್ ಪಾದ್ರಿ ಕೂರ್ದು ಬರೆದದ್ದೆಂದು ಸಿಲ್ವಿಯಾ ಮ್ಯೂರ್ ಎಂಬ ವಿದ್ವಾಂಸೆ ತೋರಿಸಿಕೊಟ್ಟಿದ್ದಾರೆ. ಅದು ಬೇರೆಯದೇ ಜಗಳ, ಇಲ್ಲಿ ಬೇಡ.

ಇಲ್ಲಿ ಬೇಕಾದದ್ದು ಅವನ ಇನ್ನೊಂದು ಪುಸ್ತಕ. 1815ರಿಂದ ಅವನು ಬರೆದ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದವು. ಹಿಂದೂಗಳು ಕ್ರೈಸ್ತರಾಗುವ ಮಾತು ಮುಗಿಯಿತು, ಇನ್ನು ಅದು ಆಗದ ಕೆಲಸ ಎಂಬುದು ಅವುಗಳ ಸಾರಾಂಶ. ತನ್ನ ಲೆಕ್ಕವನ್ನೂ ಮುಚ್ಚಿಡದೆ ಕೊಟ್ಟ: ಇಪ್ಪತ್ತೈದು ವರ್ಷದ ದುಡಿಮೆಗೆ ಇನ್ನೂರು ಮುನ್ನೂರು ಜನ. ಅವರಲ್ಲೂ ಹೆಚ್ಚಿನವರು ದಿಕ್ಕಿಲ್ಲದೆ, ಹೊಟ್ಟೆಪಾಡಿಗೆ ಬಂದವರು. ಪಾದ್ರಿಯೊಬ್ಬ ತನ್ನ ಬದುಕಿನ ಖಾತೆ ಪುಸ್ತಕವನ್ನು ಬೀದಿಯಲ್ಲಿ ಬಿಚ್ಚಿಟ್ಟ ಹಾಗಿತ್ತು ಅದು. ಪ್ರಾಟೆಸ್ಟಂಟರು ಸುಮ್ಮನಿರಲಿಲ್ಲ. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮರುವರ್ಷವೇ ಒಬ್ಬೊಬ್ಬರೂ ಒಂದೊಂದು ಪುಸ್ತಕ ಬರೆದು ಖಂಡಿಸಿದರು.

ಆ ಪತ್ರಗಳಲ್ಲಿ ಒಂದು ಪ್ರಸಂಗವಿದೆ. ಮನೆಬಿಟ್ಟು ಹೋಗಿ ಹಾಳಾದ ಮಗ ತಿರುಗಿ ಬಂದ ಸಾಮತಿಯನ್ನು ದ್ಯುಬುವಾ ತನ್ನ ಸಭೆಗೆ ವಿವರಿಸುತ್ತಿದ್ದ. ಮಗ ಬಂದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿದ ಎಂಬಲ್ಲಿಗೆ ಕತೆ ಬಂತು. ಉಪದೇಶ ಮುಗಿದದ್ದೇ ಕೆಲವು ಕ್ರೈಸ್ತರು ಮುಖ ಊದಿಸಿಕೊಂಡು ಅವನ ಹತ್ತಿರ ಬಂದರು. ಕರುವಿನ ಮಾತು ಎತ್ತಬಾರದಿತ್ತು ಸ್ವಾಮಿ, ಹೊರಗಿನವರು ಕೇಳಿದ್ದರೆ ನಮ್ಮದು ಕೀಳು ಮತ ಅನ್ನುವುದು ಖಾತ್ರಿಯಾಗುತ್ತಿತ್ತು, ಇನ್ನು ಮುಂದೆ ಕುರಿಮರಿ ಅನ್ನಿ ಎಂದು ಬುದ್ಧಿ ಹೇಳಿದರು. ದ್ಯುಬುವಾ ಇದನ್ನು ಹೇಳಿದ್ದು ನೋಡಿ ಇಂಥವರೊಡನೆ ಏಗಬೇಕು ಎಂಬ ಅರ್ಥದಲ್ಲಿ. ನನಗೆ ಮಾತ್ರ ಅಲ್ಲಿ ಬೇರೆಯದೇ ಕಾಣುತ್ತದೆ. ಈ ಕತೆ ನಮ್ಮ ಬೀದಿಯಲ್ಲಿ ಬದುಕಬೇಕಾದರೆ ಹೇಗಿರಬೇಕು ಎಂದು ಆ ಸಭೆ ಆಗಲೇ ತಲೆಕೆಡಿಸಿಕೊಂಡಿತ್ತು. ಇವನಿಗೆ ಅದು ಅಡ್ಡಿಯಾಗಿ ಕಂಡಿತು. ವಿಶ್ವಾಸ ಬೆಳೆಯುವುದು ಇಂಥ ಕಡೆಯಲ್ಲೇ ಇರಬೇಕು, ಕರುವೋ ಕುರಿಮರಿಯೋ ಎಂಬ ಇಕ್ಕಟ್ಟಿನಲ್ಲಿ.

ಅವನ ಬಗ್ಗೆ ನನ್ನ ದೂರು ಇಲ್ಲೇ ಇದೆ. ಸಂಶಯಪಟ್ಟನೆಂದಲ್ಲ. 1815ರಲ್ಲೇ ಅಂಥ ಪತ್ರ ಬರೆದವನು ಮುಂದೆಯೂ ವರ್ಷಗಟ್ಟಲೆ ಪೂಜೆ ಅರ್ಪಿಸಿದ, ಪಾಪನಿವೇದನೆ ಕೇಳಿದ, ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟ. ಇದನ್ನು ಕಪಟ ಎನ್ನಲು ನನಗೆ ಮನಸ್ಸಿಲ್ಲ. ಫಸಲು ಬರುವುದಿಲ್ಲವೆಂದು ಗೊತ್ತಿದ್ದೂ ಹೊಲ ಉಳುವವರನ್ನು ನಾವು ಮಂಡ್ಯದ ಕಡೆಯವರು ಕಂಡಿದ್ದೇವೆ. ಆದರೆ ಆ ಸಂಶಯ ಅವನ ಸಭೆಯ ಕಿವಿಗೆ ಬೀಳಲಿಲ್ಲ. ಕನ್ನಡ ಬಲ್ಲವನೇ ಅವನು, ಅವನ ಸಂಶಯಕ್ಕೆ ಕನ್ನಡ ಬರಲಿಲ್ಲ. ಸಂಶಯವಿದ್ದದ್ದು ಗಂಜಾಂನವರ ಬಗ್ಗೆ, ಓದಿದವರು ಲಂಡನ್ನಿನವರು. 1823ರ ಜನವರಿಯಲ್ಲಿ ಅವನು ಹಡಗು ಹತ್ತಿದ, ಕಂಪನಿ ಪಿಂಚಣಿ ಕೊಟ್ಟಿತು. ಮುಂದಿನದು ಇನ್ನೂ ಸೋಜಿಗ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯಲ್ಲೇ ನೆಲೆಸಿ 1836ರಿಂದ 39ರವರೆಗೆ ಅದರ ಮುಖ್ಯಸ್ಥನಾದ. ಆಗದ ಕೆಲಸವೆಂದು ತಾನೇ ಬರೆದದ್ದಕ್ಕೆ ಹುಡುಗರನ್ನು ತಯಾರು ಮಾಡಿ ಕಳಿಸುವ ಮನೆ ಅದು! 1848ರಲ್ಲಿ ತೀರಿಕೊಂಡ. ಆ ಎರಡನೆಯ ಕಾಲು ಶತಮಾನದಲ್ಲಿ ಅವನೊಳಗೆ ಏನು ನಡೆಯಿತೆಂಬುದರ ಮೇಲೆ ಇಡೀ ಒಂದು ಕಾದಂಬರಿ ಬರೆಯಬಹುದು.

ಇನ್ನೊಂದು ಕಡೆ ಅವನು ನನಗೆ ತೀರ ಒರಟನೆನಿಸುತ್ತಾನೆ. 1784ರ ವಿಭೂತಿ ಬುಧವಾರದಂದು ಟಿಪ್ಪುವಿನ ಕಡೆಯವರು ಹಿಡಿದರೆಂದು ಕರಾವಳಿಯ ಕಥೋಲಿಕರು ನೆನೆಯುವ ಆ ಸೆರೆಯ ಜನ ಶ್ರೀರಂಗಪಟ್ಟಣಕ್ಕೆ ನಡೆದು ಬಂದವರು. ಅವರು 60 ಸಾವಿರ ಎನ್ನುತ್ತಾನೆ ದ್ಯುಬುವಾ. ಬೇರೆಯವರ ಲೆಕ್ಕ ಬೇರೆ. ಮತ ಬಿಡುವ ಬದಲು ಸಾಯುತ್ತೇನೆಂದು ಅಷ್ಟು ಜನರಲ್ಲಿ ಒಬ್ಬನೂ ನಿಲ್ಲಲಿಲ್ಲ ಎಂದು ಹಂಗಿಸುತ್ತಾನೆ. ಆ ಸೆರೆಯವರಿಗೆ ಹದಿನೈದು ವರ್ಷ ಹೊರಗೊಂದು ಹೆಸರು, ಒಳಗೊಂದು ಹೆಸರು. ಮಗುವಿಗೆ ಯಾವ ಪ್ರಾರ್ಥನೆ ಕಲಿಸುವುದು? ಸತ್ತವರಿಗೆ ಯಾವ ಮಣ್ಣು? ಅಷ್ಟರ ಮೇಲೂ 1799ರಲ್ಲಿ ಬಾಗಿಲು ತೆರೆದಾಗ ತಿರುಗಿ ಬಂದವರಿದ್ದರು. ಅವರನ್ನು ಸಭೆಗೆ ಸೇರಿಸಿಕೊಂಡವನೂ ಇದೇ ದ್ಯುಬುವಾ! ಅವರೇ ಬರೆದಿಟ್ಟ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅನಿಶ್ಚಯದಲ್ಲಿ ವಿಶ್ವಾಸ ಮಾಗುವುದೆಂದರೆ ಏನೆಂದು ಈ ಸೀಮೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವರಿಗೆ.

ದ್ಯುಬುವಾ ಹೊರಡುವ ಹೊತ್ತಿಗೆ ಬಳ್ಳಾರಿಯಲ್ಲಿ ಪ್ರಾಟೆಸ್ಟಂಟ್ ಪಾದ್ರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದ, 1831ರ ಹೊತ್ತಿಗೆ ಇಡೀ ಬೈಬಲ್ ಅಚ್ಚಾಯಿತು. ಇಂಥ ಅನುವಾದಗಳನ್ನು ದ್ಯುಬುವಾ ಗೇಲಿ ಮಾಡಿದ್ದ. ಆದರೆ ಹೀಬ್ರೂ ಸ್ತೋತ್ರಗಳಿಗೆ ಕನ್ನಡ ಬೈಬಲಿನಲ್ಲಿ ನಿಂತ ಹೆಸರು ನೋಡಿ: ಕೀರ್ತನೆಗಳು. ದಾಸರದೇ ಮಾತು. ಬೈಗುಳಕ್ಕೂ ಅಲ್ಲಿ ಕೊರತೆಯಿಲ್ಲ. ಇಪ್ಪತ್ತೆರಡನೆಯದು ದೇವರು ಕೈಬಿಟ್ಟನೆಂಬ ಕೂಗಿನಿಂದಲೇ ತೊಡಗುತ್ತದೆ. ಎಂಬತ್ತೆಂಟನೆಯದು ಕತ್ತಲಲ್ಲಿ ಮುಗಿಯುತ್ತದೆ, ಸಮಾಧಾನದ ಒಂದು ಮಾತಿಲ್ಲದೆ. ಅದೇ ಬೈಬಲಿನ ಯೋಬನಂತೂ ದೇವರನ್ನೇ ಕಟಕಟೆಗೆ ಎಳೆದವನು. ಇಷ್ಟೆಲ್ಲ ಕೈಯಲ್ಲಿದ್ದೂ ನಾನು ಓದಿದ ಮಟ್ಟಿಗೆ ಕನ್ನಡದ ಕ್ರೈಸ್ತ ಬರವಣಿಗೆ ನಿಂದಾಸ್ತುತಿಯ ಕಡೆ ಹೊರಳಲಿಲ್ಲ. ಪರವೂರಿನ ಮದುವೆಗೆ ಬಂದವರ ಹಾಗೆ ಗಟ್ಟಿಯಾಗಿ ನಕ್ಕರೂ ತಪ್ಪು, ಅತ್ತರೂ ತಪ್ಪು ಎಂದು ಕೂತ ಬರವಣಿಗೆ ಅದು. ಅಲ್ಪಸಂಖ್ಯಾತರಿಗೆ ಮನೆಯ ಜಗಳ ಬೀದಿಗೆ ಬರಬಾರದೆಂಬ ಅಂಜಿಕೆ ಇರುತ್ತದೆ, ಒಪ್ಪುತ್ತೇನೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಅಂಜಿಕೆಯ ಬೀಗ ತೆಗೆದವರು ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ. ಮಂಗಳೂರಿನ ದೇವಜ್ಞಾನ ಕಾಲೇಜಿನ ಪ್ರಾಂಶುಪಾಲರಾಗಿದ್ದವರು, 1971ರಿಂದ 80ರವರೆಗೆ ಜಿನೀವಾದಲ್ಲಿ ವಿಶ್ವ ಚರ್ಚುಗಳ ಮಂಡಳಿಯ ಸಂವಾದ ವಿಭಾಗ ನಡೆಸಿದವರು. ದೇವರು ಕೊನೆಗೂ ರಹಸ್ಯವೇ, ಯಾವ ಒಂದು ಮತವೂ ಅದನ್ನು ತನ್ನ ಕೈಮುಷ್ಟಿಯಲ್ಲಿ ಹಿಡಿಯಲಾರದು ಎಂಬುದು ಅವರ ವಾದ. ಕ್ರಿಸ್ತನನ್ನು ಬಿಡದೆ ಈ ಮಾತು ಹೇಳಲು ಎದೆಗಾರಿಕೆ ಬೇಕು. ದ್ಯುಬುವಾ ಸೋಲೆಂದು ಬರೆದುಕೊಂಡದ್ದನ್ನೇ ಸಮರ್ಥರು ಸಂವಾದದ ಬಾಗಿಲು ಮಾಡಿಕೊಂಡರು. ಆದರೂ ಅವರ ಹೆಸರು ನಿಂತಿರುವುದು ಇಂಗ್ಲಿಷ್ ಪುಸ್ತಕಗಳ ಮೇಲೆ. ಓದಿದವರು ಜಿನೀವಾದವರು, ಸೆರಾಂಪುರದ ದೇವಜ್ಞಾನ ಕಾಲೇಜಿನವರು.

ಶಿಲುಬೆಯ ದಿನವನ್ನು ಕನ್ನಡದ ನಾಲಿಗೆಗೆ ತಂದದ್ದು ಯಾರು ಹಾಗಾದರೆ? ಮಂಜೇಶ್ವರದ ಗೋವಿಂದ ಪೈ. ಅವರ 'ಗೊಲ್ಗೊಥಾ' ಕ್ರಿಸ್ತನ ಕೊನೆಯ ದಿನದ ಕಾವ್ಯ. ಮನೆಯವರು ಆಡಲಾಗದ ಮಾತನ್ನು ಪಕ್ಕದ ಮನೆಯವನು, ಗೌಡ ಸಾರಸ್ವತ ಬ್ರಾಹ್ಮಣ, ಬಾಯ್ತುಂಬ ಆಡಿದ. ಇದು ಕನ್ನಡದ ದೊಡ್ಡತನವೋ ಕನ್ನಡ ಚರ್ಚಿನ ಸಂಕೋಚವೋ? ಎರಡೂ ಇರಬಹುದು, ಎರಡನೆಯದು ಒಂದು ಗುಲಗಂಜಿ ಹೆಚ್ಚು.

ಒಮ್ಮೆ ಶುಭ ಶುಕ್ರವಾರದ ಮರುದಿನ ಗಂಜಾಂಗೆ ಹೋಗಿದ್ದೆ. ಆ ದಿನದ ಕಟ್ಟಳೆ ನನಗೆ ತಿಳಿಯದು. ಪೀಠದ ಮೇಲೆ ಬಟ್ಟೆಯಿಲ್ಲ, ಹೂವಿಲ್ಲ, ಮೇಣದಬತ್ತಿಯಿಲ್ಲ. ಕ್ರಿಸ್ತನ ಶರೀರವೆಂದು ನಂಬುವ ರೊಟ್ಟಿಯನ್ನು ಇಡುವ ಪ್ರಸಾದ ಪೆಟ್ಟಿಗೆಯ ಬಾಗಿಲು ತೆರೆದೇ ಇತ್ತು, ಒಳಗೆ ಖಾಲಿ. ಅದರ ಮುಂದೆ ವಯಸ್ಸಾದ ಹೆಂಗಸೊಬ್ಬರು ಮಂಡಿಯೂರಿ ಎದ್ದರು. ನಾನು ಪಿಳಿಪಿಳಿ ನೋಡುವುದನ್ನು ಕಂಡು ತಾವಾಗಿಯೇ ಅಂದರು: "ಇವತ್ತು ಒಳ್ಗೆ ಯಾರೂ ಇಲ್ಲ ಕಣಪ್ಪ."

"ಮತ್ತೆ ಮಂಡಿ ಊರಿದ್ರಲ್ಲ ಅಮ್ಮ?"

"ಅಭ್ಯಾಸ. ಮಂಡಿಗೇನ್ ಗೊತ್ತಾಯ್ತದೆ," ಎಂದು ಸೆರಗು ಸರಿಮಾಡಿಕೊಂಡು ಚಪ್ಪಲಿ ಹುಡುಕುತ್ತಾ ಹೊರಟರು.