ಎರಡು ಚಮಚ ಕ್ಯಾರೆಟ್ಟಿಗೆ ಒಂದು ಯಂತ್ರ

ಐದು ತಿಂಗಳ ಮಗು ಇರುವ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಈಗ ಅಡುಗೆಮನೆಯ ಕಟ್ಟೆ ಮೇಲೆ ಒಂದು ಬಿಳಿ ಯಂತ್ರ ಕಾಣಿಸುತ್ತೆ. ಕೆಳಗೆ ನೀರು, ಮೇಲೆ ತರಕಾರಿ. ಗುಂಡಿ ಒತ್ತಿದರೆ ಹಬೆಯಲ್ಲಿ ಬೇಯುತ್ತೆ, ಅದೇ ಜಾರಿನಲ್ಲಿ ರುಬ್ಬುತ್ತೆ. ಜೊತೆಗೊಂದು ಪುಟ್ಟ ಪುಸ್ತಕ ಕೊಡ್ತಾರೆ, ನುಣುಪು ಕಾಗದ, ಬಣ್ಣಬಣ್ಣದ ಬಟ್ಟಲುಗಳು. ಕ್ಯಾರೆಟ್ ಪ್ಯೂರಿ, ಕುಂಬಳ ಪ್ಯೂರಿ, ಬ್ರೊಕೊಲಿ ಪ್ಯೂರಿ, ಪೇರ್ ಪ್ಯೂರಿ. ಯಂತ್ರದ ಬಗ್ಗೆ ರಿವ್ಯೂ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ತಕರಾರಿರೋದು ಆ ಪುಸ್ತಕದ ಬಗ್ಗೆ, ಅದರ ಹಿಂದಿರುವ ಯೋಚನೆಯ ಬಗ್ಗೆ.

ಮೊದಲು ಯಂತ್ರಕ್ಕೆ ಸಲ್ಲಬೇಕಾದ್ದು ಸಲ್ಲಲಿ. ಬೇಯಿಸೋದು, ರುಬ್ಬೋದು ಎರಡನ್ನೂ ಒಂದೇ ಪಾತ್ರೆಯಲ್ಲಿ ಮಾಡುವ ಈ ಜಾತಿಯ ಸಾಧನ ಹೆಸರು ಮಾಡಿದ್ದು ಫ್ರಾನ್ಸಿನ ಬೇಬಿಕುಕ್‌ನಿಂದ. ಅಲ್ಲಿ ಅದಕ್ಕೆ ಅರ್ಥವಿದೆ. ಫ್ರಾನ್ಸಿನಲ್ಲಿ ಮಗುವಿಗೆ ಮೊದಲು ತರಕಾರಿಯ ರುಚಿ ಹತ್ತಿಸಬೇಕು ಅನ್ನೋದು ಒಂದು ಸಂಪ್ರದಾಯವೇ. ಅಲ್ಲಿ ಎಷ್ಟೋ ಮಕ್ಕಳು ಕುಡಿಯೋದು ಕಬ್ಬಿಣಾಂಶ ಸೇರಿಸಿದ ಫಾರ್ಮುಲಾ ಹಾಲು. ಅಂದರೆ ಶಕ್ತಿ, ಕಬ್ಬಿಣ ಎರಡೂ ಬೇರೆ ಕಡೆಯಿಂದ ಬರ್ತಾ ಇರುತ್ತೆ, ಕ್ಯಾರೆಟ್ಟು ರುಚಿಯ ಪಾಠಕ್ಕೆ ಮಾತ್ರ. ನಾವು ಯಂತ್ರವನ್ನೂ ಪುಸ್ತಕವನ್ನೂ ಹಾಗೇ ಎತ್ತಿಕೊಂಡು ಬಂದೆವು, ಅದು ನಿಂತಿದ್ದ ನೆಲವನ್ನು ತರಲಿಲ್ಲ. ನಮ್ಮ ಕೆಲಸದಲ್ಲಿ ಇದನ್ನ ಏನಂತಾರೆ ಅಂತ ನಿಮಗೆ ಗೊತ್ತು: ಕೋಡ್ ಕಾಪಿ ಮಾಡಿ, ಡಿಪೆಂಡೆನ್ಸಿ ಬಿಟ್ಟು ಬರೋದು.

ಸ್ವಲ್ಪ ಲೆಕ್ಕ ಹಾಕೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎದೆಹಾಲು ಕುಡಿಯುವ 6ರಿಂದ 8 ತಿಂಗಳ ಮಗುವಿಗೆ ಹಾಲಿನ ಜೊತೆಗೆ ಆಹಾರದಿಂದ ದಿನಕ್ಕೆ ಸುಮಾರು 200 ಕ್ಯಾಲರಿ ಸಿಗಬೇಕು. 9ರಿಂದ 11 ತಿಂಗಳಿಗೆ 300, ವರ್ಷ ತುಂಬಿದ ಮೇಲೆ 550. ನೂರು ಗ್ರಾಂ ಕ್ಯಾರೆಟ್ಟಿನಲ್ಲಿ ಇರೋದು ಸುಮಾರು 40. ರುಬ್ಬಲು ನೀರು ಬೆರೆಸಿದರೆ ಇನ್ನೂ ಕಡಿಮೆ. ಸೋರೆಕಾಯಿಯಲ್ಲಂತೂ 15ರ ಆಸುಪಾಸು. ಬರೀ ಸೋರೆಕಾಯಿ ಪ್ಯೂರಿಯಿಂದ ಆ 200 ತುಂಬಬೇಕಾದರೆ ಮಗು ದಿನಕ್ಕೆ ಒಂದು ಕೆಜಿಗಿಂತ ಹೆಚ್ಚು ಸೋರೆಕಾಯಿ ತಿನ್ನಬೇಕು. ನೀವೂ ನಾನೂ ಸೇರಿದರೂ ಆಗದ ಮಾತು. ಎಂಟು ಕೆಜಿ ತೂಕದ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸೋದು ಒಂದು ಲೋಟದಷ್ಟು. ಆ ಲೋಟದಲ್ಲಿ ನೀರೇ ತುಂಬಿದರೆ ಹೊಟ್ಟೆಯೇನೋ ತುಂಬುತ್ತೆ. ಮಗು ಮುಖ ತಿರುಗಿಸುತ್ತೆ. ಅಪ್ಪ ಅಮ್ಮ ‘ಚೆನ್ನಾಗಿ ತಿಂತು’ ಅಂತ ಫೋಟೋ ಹಾಕ್ತಾರೆ.

ಪರಿಹಾರ ದೊಡ್ಡದೇನಲ್ಲ. ಒಂದು ಟೀ ಚಮಚ ತುಪ್ಪದಲ್ಲಿ ಸುಮಾರು 45 ಕ್ಯಾಲರಿ ಇದೆ, ಅಂದರೆ ಆ ನೂರು ಗ್ರಾಂ ಕ್ಯಾರೆಟ್ಟಿಗಿಂತ ಜಾಸ್ತಿ. ಮೇಲಾಗಿ ಕ್ಯಾರೆಟ್ಟಿನ ಕೆರೋಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಜಿಡ್ಡು ಇರಲೇಬೇಕು. ಒಂದು ಹಿಡಿ ಹೆಸರುಬೇಳೆ, ಸ್ವಲ್ಪ ಅನ್ನ, ಅದೇ ಕ್ಯಾರೆಟ್ಟು, ಮೇಲೆ ತುಪ್ಪ. ಇಷ್ಟು ಬಿದ್ದರೆ ಅದು ಊಟ. ನಾನು ಕಂಡ ಪುಸ್ತಕಗಳಲ್ಲಿ ತುಪ್ಪ ಇಲ್ಲ, ಎಣ್ಣೆ ಇಲ್ಲ, ಬೇಳೆ ಎಲ್ಲೋ ಕೊನೆಯ ಪುಟದಲ್ಲಿ. ‘ಶುದ್ಧ’ ಅನ್ನೋ ಪದ ಮಾತ್ರ ಪುಟಕ್ಕೊಂದು ಸಲ. ತರಕಾರಿಯನ್ನು ಒಂಟಿಯಾಗಿ ಬಡಿಸೋದೇ ಶುದ್ಧ ಅಂತ ಯಾರು ಹೇಳಿದ್ದು?

ಕಬ್ಬಿಣದ ವಿಷಯ ಇದಕ್ಕಿಂತ ಗಂಭೀರ. ತಾಯಿಯ ಹೊಟ್ಟೆಯಲ್ಲಿದ್ದಾಗ ಮಗು ಕೂಡಿಟ್ಟುಕೊಂಡ ಕಬ್ಬಿಣ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತೆ. ಎದೆಹಾಲಿನಲ್ಲಿ ಅದು ಇರೋದೇ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಭಾರತದ ಮಕ್ಕಳಲ್ಲಿ ರಕ್ತಹೀನತೆ ಇದ್ದವರು ಶೇ. 67. ‘ಅದು ಹಳ್ಳಿಯವರದು, ಬಡವರದು’ ಅಂದುಕೊಳ್ಳೋ ಹಾಗಿಲ್ಲ, ನೂರಕ್ಕೆ ಅರವತ್ತೇಳು ಅಂದರೆ ನಮ್ಮ ಟವರ್‌ಗಳಲ್ಲಿ ಇರುವವರೂ ಅದರಲ್ಲಿ ಇದ್ದೇ ಇದ್ದಾರೆ. ಕ್ಯಾರೆಟ್, ಕುಂಬಳ, ಪೇರ್, ಈ ಮೂರರಲ್ಲಿ ಯಾವುದನ್ನ ನೂರು ಗ್ರಾಂ ತಿಂದರೂ ಒಂದು ಮಿಲಿಗ್ರಾಂ ಕಬ್ಬಿಣ ಕೂಡ ಸರಿಯಾಗಿ ಸಿಗಲ್ಲ. 2023ರಲ್ಲಿ ಹೊರಬಂದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮೊಟ್ಟೆ, ಮೀನು, ಮಾಂಸದಂಥವು ಆರು ತಿಂಗಳಿಂದ ಎರಡು ವರ್ಷದ ಮಕ್ಕಳಿಗೆ ದಿನವೂ ಸಿಗಬೇಕು ಅನ್ನುತ್ತೆ. ನಮ್ಮಲ್ಲಿ ಹಂಚುವ ಪುಸ್ತಕಗಳಲ್ಲಿ ಮೊಟ್ಟೆ ಅನ್ನೋ ಪದವನ್ನ ಹುಡುಕಿ ನೋಡಿ. ತಿನ್ನದವರು ತಿನ್ನಬೇಡಿ, ಅದು ಅವರವರ ಮನೆ ವಿಚಾರ. ಆದರೆ ದಿನಾ ಬಿರಿಯಾನಿ ತರಿಸಿ ತಿನ್ನುವ ಮನೆಯಲ್ಲೂ ಮಗು ಮಾತ್ರ ಬ್ರೊಕೊಲಿ ಪ್ಯೂರಿಯ ಸನ್ಯಾಸಿ ಆಗಿರೋದು ನನಗೆ ವಿಚಿತ್ರ ಅನಿಸುತ್ತೆ.

ಇಲ್ಲಿಗೆ ಬಂದ ತಕ್ಷಣ ‘ನಮ್ಮ ಅಜ್ಜಿ ಕಾಲದ ರಾಗಿ ಸರಿಯೇ ಸರಿ’ ಅಂತ ಒಂದು ಚಪ್ಪಾಳೆ ಬೀಳುತ್ತೆ. ತಡೀರಿ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ ಹಿಟ್ಟು ಮಾಡೋದಿದೆಯಲ್ಲ, ಅದು ನಿಜಕ್ಕೂ ಬುದ್ಧಿವಂತಿಕೆಯ ಕೆಲಸ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸುತ್ತೆ. ಹಾಗಾಗಿ ಗಂಜಿ ಅಂಟಂಟಾಗದೆ ತೆಳುವಾಗಿರುತ್ತೆ, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಕೂರುತ್ತೆ. ಮಗುವಿನ ಸಣ್ಣ ಹೊಟ್ಟೆಗೆ ಇದಕ್ಕಿಂತ ಒಳ್ಳೆ ಕಂಪ್ರೆಶನ್ ಅಲ್ಗಾರಿದಮ್ ಬೇಡ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು 1980ರ ದಶಕದಲ್ಲೇ ಮೊಳಕೆ ರಾಗಿ, ಹೆಸರುಕಾಳು ಸೇರಿಸಿದ ಶಿಶು ಆಹಾರವನ್ನು ಇದೇ ತತ್ವದ ಮೇಲೆ ರೂಪಿಸಿದ್ದರು. ಆದರೆ ಎಷ್ಟೋ ಮನೆಗಳಲ್ಲಿ ಮಾಡೋದು ಬೇರೆ: ರಾಗಿ ನೆನೆಸಿ, ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ, ಬಿಳಿಯ ಹಾಲು ಮಾತ್ರ ಕುದಿಸಿ ಮಣ್ಣಿ ಮಾಡ್ತಾರೆ. ರಾಗಿಯ ಸುಣ್ಣದಂಶದಲ್ಲಿ ಬಹುಪಾಲು ಇರೋದು ಸಿಪ್ಪೆಯ ಕಡೆ. ಅದು ಬಟ್ಟೆಯಲ್ಲಿ ಉಳೀತು, ದನಕ್ಕೆ ಹೋಯ್ತು. ಊರಲ್ಲಿ ಹಸುಗಳು ಗಟ್ಟಿಮುಟ್ಟಾಗಿದ್ದವು ಬಿಡಿ. ನುಣುಪಿನ ಹುಚ್ಚು ಯಂತ್ರದ ಜೊತೆ ಬಂದಿದ್ದಲ್ಲ. ಯಂತ್ರ ಆ ಹುಚ್ಚಿಗೆ ಪ್ಲಗ್ ಹಾಕಿ ಕೊಟ್ಟಿತು ಅಷ್ಟೆ.

ಈ ನುಣುಪೇ ನನ್ನ ದೊಡ್ಡ ತಕರಾರು. ಆರು ತಿಂಗಳಲ್ಲಿ ಪ್ಯೂರಿ ಸರಿ. ಎಂಟು ತಿಂಗಳ ಹೊತ್ತಿಗೆ ಮಗು ಕೈಯಲ್ಲಿ ಹಿಡಿದು ತಿನ್ನುವಂಥದ್ದು ಶುರುವಾಗಬೇಕು, ವರ್ಷಕ್ಕೆ ಮನೆಯವರ ಊಟವೇ ಅದರದೂ ಆಗಬೇಕು. ಗಟ್ಟಿ ಆಹಾರ ಅಗಿಯೋದನ್ನ ಕಲಿಯಲು ಒಂದು ಸೂಕ್ತ ಕಾಲ ಇದೆ ಅಂತ ಇಂಗ್ಲೆಂಡಿನ ಇಲಿಂಗ್ವರ್ತ್ ಮತ್ತು ಲಿಸ್ಟರ್ 1964ರಲ್ಲೇ ಬರೆದಿದ್ದರು. ಬ್ರಿಸ್ಟಲ್ ಸುತ್ತಮುತ್ತಲಿನ ಸಾವಿರಾರು ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನದ 2001ರ ವರದಿಯಲ್ಲಿ, ಹತ್ತು ತಿಂಗಳು ಕಳೆದ ಮೇಲೆ ಗಂಟುಗಂಟಾದ ಆಹಾರ ಶುರು ಮಾಡಿದ ಮಕ್ಕಳಿಗೆ ಊಟ ಮಾಡಿಸುವ ಕಷ್ಟ ಹೆಚ್ಚು ಅಂತ ಕಂಡುಬಂತು. ಅವೇ ಮಕ್ಕಳು ಏಳು ವರ್ಷದವರಾದಾಗಲೂ ಹಣ್ಣು-ತರಕಾರಿ ತಿನ್ನೋದು ಉಳಿದವರಿಗಿಂತ ಕಡಿಮೆ ಇತ್ತು. ಇದು ಕಾರಣ-ಪರಿಣಾಮದ ಪಕ್ಕಾ ಸಾಕ್ಷಿಯೇನಲ್ಲ, ತಿನ್ನಲು ಹಟ ಮಾಡುವ ಮಗುವಿಗೇ ತಾಯಂದಿರು ತಡವಾಗಿ ಗಟ್ಟಿ ಕೊಟ್ಟಿರಬಹುದು. ಆದರೂ ತರಕಾರಿಯ ರುಚಿ ಹತ್ತಿಸಲು ಅಂತಲೇ ಕೊಂಡ ಯಂತ್ರವನ್ನು ಹನ್ನೊಂದನೇ ತಿಂಗಳಲ್ಲೂ ಓಡಿಸೋರು ಇದನ್ನ ಒಮ್ಮೆ ಯೋಚಿಸಬೇಕು.

ಯಂತ್ರಕ್ಕೆ ಇದು ಕಷ್ಟ, ಯಾಕಂದರೆ ಬ್ಲೇಡಿಗೆ ‘ಸಾಕು’ ಅನ್ನೋದು ಗೊತ್ತಿಲ್ಲ. ನಮ್ಮ ಮಿಕ್ಸಿಯೂ ಹಾಗೇ. 1960ರ ದಶಕದಲ್ಲಿ ಸತ್ಯಪ್ರಕಾಶ್ ಮಾಥುರ್ ಎಂಬ ಎಂಜಿನಿಯರ್ ಸುಮೀತ್ ಮಿಕ್ಸಿ ಮಾಡಿದ್ದು ವಿದೇಶಿ ಮಿಕ್ಸರ್‌ಗಳು ನಮ್ಮ ಮಸಾಲೆ ಅರೆಯಲಾರದೆ ಸುಟ್ಟುಹೋಗ್ತಿದ್ದವು ಅಂತ. ಒಣಮೆಣಸಿನಕಾಯಿ, ಅರಿಶಿನದ ಕೊಂಬು ಪುಡಿ ಮಾಡುವ ಮೋಟಾರಿಗೆ ಎರಡು ಚಮಚ ಬೆಂದ ಕ್ಯಾರೆಟ್ಟು ಕೊಟ್ಟರೆ ಏನಾಗುತ್ತೆ? ಒಂದು ಸುತ್ತಿಗೆ ಅಷ್ಟೂ ಜಾರಿನ ಗೋಡೆಗೆ ಅಂಟಿಕೊಳ್ಳುತ್ತೆ, ಬ್ಲೇಡು ಗಾಳಿಯಲ್ಲಿ ತಿರುಗುತ್ತೆ. ನೀರು ಹಾಕ್ತೀರಿ, ಮತ್ತೆ ತೆಳುವಾಯ್ತು. ಬಿಸಿ ಇರುವಾಗಲೇ ಓಡಿಸಿದರೆ ಆವಿ ಮುಚ್ಚಳ ಹಾರಿಸುತ್ತೆ. ಆಲೂಗಡ್ಡೆ ಹಾಕಿದರಂತೂ ಕೋಶಗಳೆಲ್ಲ ಒಡೆದು ಪಿಷ್ಟ ಹೊರಬಂದು ಗೋಂದಾಗುತ್ತೆ, ಆ ಗೋಂದನ್ನ ನಾವೇ ನುಂಗಲ್ಲ. ಇಷ್ಟಕ್ಕೆ ಒಂದು ಚಮಚದ ಬೆನ್ನು ಸಾಕು. ಕುಕ್ಕರಿನಲ್ಲಿ ಅನ್ನದ ಪಾತ್ರೆಯ ಮೇಲೆ ಒಂದು ಪುಟ್ಟ ಸ್ಟೀಲ್ ಬಟ್ಟಲು ಇಟ್ಟು, ಅದರಲ್ಲಿ ಬೇಳೆ, ತರಕಾರಿ ಬೇಯಿಸಿ, ಮೊದಲ ವಾರಗಳಲ್ಲಿ ಜರಡಿಯಲ್ಲಿ ಒತ್ತಿ, ಆಮೇಲೆ ಬರೀ ಫೋರ್ಕಿನಲ್ಲಿ ಕಿವುಚಿ, ಆಮೇಲೆ ಬೆರಳಲ್ಲಿ. ಕೈ ಮೆಲ್ಲಮೆಲ್ಲಗೆ ಸೋಮಾರಿ ಆಗುತ್ತೆ ನೋಡಿ, ಅದರ ಜೊತೆಜೊತೆಗೇ ಮಗು ಅಗಿಯೋದು ಕಲಿಯುತ್ತೆ.

ಕಾನೂನಿನ ಕಡೆ ಒಂದು ತಮಾಷೆ ಇದೆ. 1992ರ ಶಿಶು ಆಹಾರ ಕಾಯ್ದೆ, 2003ರ ತಿದ್ದುಪಡಿ ಸೇರಿದಂತೆ, ಎರಡು ವರ್ಷದೊಳಗಿನ ಮಕ್ಕಳ ಆಹಾರವನ್ನು ಜಾಹೀರಾತು ಮಾಡಕೂಡದು ಅನ್ನುತ್ತೆ. ಡಬ್ಬದ ಮೇಲೆ ಮಗುವಿನ ಚಿತ್ರ ಕೂಡ ಹಾಕುವಂತಿಲ್ಲ. ಹಾಲಿನಪುಡಿ ಕಂಪನಿಗಳ ಆಟ ನೋಡಿಯೇ ತಂದ ಕಾಯ್ದೆ ಇದು, ಒಳ್ಳೆಯದೇ. ಆದರೆ ಯಂತ್ರ ಆಹಾರ ಅಲ್ಲವಲ್ಲ. ಅದರ ಡಬ್ಬದ ಮೇಲೆ ಗುಂಡು ಕೆನ್ನೆಯ ಮಗು ನಗಬಹುದು, ರೀಲ್ಸ್‌ನಲ್ಲಿ ಬೇಕಾದ ಹಾಗೆ ಮಾತಾಡಿಸಬಹುದು. ಡಬ್ಬದ ಆಹಾರ ಕೆಟ್ಟದ್ದು, ಮನೆಯದು ಒಳ್ಳೆಯದು ಅನ್ನೋ ನಮ್ಮ ನಂಬಿಕೆಯನ್ನೇ ಅವರು ಮಾರ್ತಾರೆ. ನಂಬಿಕೆ ತಪ್ಪಲ್ಲ. ಮನೆಯದು ಅನ್ನಿಸಿಕೊಳ್ಳಲು ಅದಕ್ಕೆ ವಾರಂಟಿ ಕಾರ್ಡ್ ಯಾಕೆ ಬೇಕು ಅನ್ನೋದಷ್ಟೇ ಪ್ರಶ್ನೆ.

‘ಟೈಮ್ ಉಳಿಯುತ್ತೆ’ ಅಂತಾರೆ. ಯಾರದು? ಜಾರು, ಮುಚ್ಚಳ, ಬ್ಲೇಡು, ಹಬೆಯ ಬುಟ್ಟಿ, ರಬ್ಬರ್ ಸೀಲು, ಎಲ್ಲ ಬಿಚ್ಚಿ ತೊಳೀಬೇಕು. ಸೀಲಿನ ಸಂದಿಯಲ್ಲಿ ಪ್ಯೂರಿ ಉಳಿದರೆ ಮರುದಿನ ವಾಸನೆ. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಬಿಸಿ ತಟ್ಟೆಯ ಮೇಲೆ ವಾರದಲ್ಲೇ ಬಿಳಿ ಪೊರೆ ಕಟ್ಟುತ್ತೆ, ಅದಕ್ಕೆ ವಿನೆಗರ್ ಹಾಕಿ ಉಜ್ಜಬೇಕು. ಇದನ್ನೆಲ್ಲ ಮಾಡೋರು ಸಾಮಾನ್ಯವಾಗಿ ರಾತ್ರಿ ಕಾಲ್ ಮುಗಿಸಿದ ಅಮ್ಮ, ಇಲ್ಲಾ ಕೆಲಸಕ್ಕೆ ಬರುವ ಹೆಂಗಸು. ಅವರ ಮಗುವಿಗೆ ಅಂಗನವಾಡಿಯಿಂದ ಬರೋದು ಪುಷ್ಟಿ ಪುಡಿ. ಅದರಲ್ಲಿ ಧಾನ್ಯ ಇದೆ, ಕಾಳಿದೆ. ಆ ಪುಡಿಯ ಗುಣಮಟ್ಟದ ಬಗ್ಗೆ ಬೇರೆ ಜಗಳ ಇದೆ, ಅದು ಇನ್ನೊಂದು ಅಂಕಣ. ಆದರೆ ಪಾಕವಿಧಾನವಾಗಿ ನೋಡಿದರೆ ಕಟ್ಟೆಯ ಮೇಲಿನ ಪೇರ್ ಪ್ಯೂರಿಗಿಂತ ಅದು ಊಟಕ್ಕೆ ಹತ್ತಿರ.

ಯಂತ್ರ ಯಾರಿಗೂ ಬೇಡ ಅಂತಲ್ಲ. ನುಂಗಲು ತೊಂದರೆ ಇರುವ ಮಕ್ಕಳಿಗೆ ಡಾಕ್ಟರೇ ತಿಂಗಳುಗಟ್ಟಲೆ ನುಣುಪು ಆಹಾರ ಹೇಳಿರ್ತಾರೆ, ಅಂಥ ಮನೆಗೆ ಅದು ವರ. ಅವಳಿ ಮಕ್ಕಳ ಮನೆಗೂ ಇರಬಹುದು. ಉಳಿದವರ ಯಂತ್ರಗಳ ಗತಿ ನೋಡಬೇಕಾದರೆ ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ‘ಲೈಕ್ ನ್ಯೂ’ ಅಂತ ಹುಡುಕಿ. ಡಬ್ಬ ಇದೆ, ಬಿಲ್ ಇದೆ, ಪುಸ್ತಕ ಇದೆ, ಬಳಸಿದ್ದು ಮೂರು ತಿಂಗಳು. ಮಾರುವವರ ಮಗು ಈಗ ಅಪ್ಪನ ತಟ್ಟೆಯಿಂದ ಇಡ್ಲಿ ಕಿತ್ಕೊಂಡು ತಿಂತಿದೆ. ಕೊಳ್ಳಲು ಕೈ ಎತ್ತಿದವರ ಮಗುವಿಗೆ ಐದೂವರೆ ತಿಂಗಳು.