ರೂಮ್ ಬಾಡಿಗೆಯ ಒಂದು ಸಾಲು

ಅಪೆಂಡಿಕ್ಸ್ ಆಪರೇಷನ್ ಆಗಿ ಮನೆಗೆ ಬಂದ ವಾರಕ್ಕೆ ನಮ್ಮ ಬೀದಿಯ ಟೈಲರ್ ಒಂದು ಪ್ಲಾಸ್ಟಿಕ್ ಕವರು ಹಿಡಿದು ಬಂದರು. ಒಳಗೆ ಆಸ್ಪತ್ರೆಯ ಬಿಲ್ಲು, ವಿಮಾ ಕಂಪನಿಯ ಪತ್ರ, ಪಾಲಿಸಿ. "ಎರಡು ಲಕ್ಷದ ಪಾಲಿಸಿ ಸರ್. ಬಿಲ್ಲು ಆಗಿದ್ದು ಒಂದೂವರೆ ಲಕ್ಷದ ಹತ್ತಿರ. ಆದ್ರೂ ನಲವತ್ಮೂರು ಸಾವಿರದ ಮೇಲೆ ಕೈಯಿಂದ ಹೋಯ್ತು. ಎಲ್ಲಿ ಹೋಯ್ತು ಅಂತ ನೋಡಿ ಹೇಳಿ" ಅಂದರು.

ಅವರದು ಆರೋಗ್ಯ ಸಂಜೀವಿನಿ ಪಾಲಿಸಿ. 2020ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ ಕಂಪನಿಗಳೆಲ್ಲ ಮಾರುತ್ತಿರುವ ಪಾಲಿಸಿ ಇದು. ಯಾರ ಹತ್ತಿರ ಕೊಂಡರೂ ಷರತ್ತುಗಳು ಒಂದೇ, ಪ್ರೀಮಿಯಂ ಮಾತ್ರ ಬೇರೆ. ಸ್ವಂತ ದುಡಿಮೆಯವರಿಗೆ ಇದೊಂದು ದೊಡ್ಡ ಉಪಕಾರ ಎಂದು ನಾನು ಈಗಲೂ ನಂಬುತ್ತೇನೆ. ಕಂಪನಿ ನೌಕರರಿಗೆ ಪಾಲಿಸಿ ಆರಿಸಿಕೊಡಲು ಒಂದು ಆಫೀಸು ಇರುತ್ತದೆ. ಟೈಲರ್, ಫೋಟೋಗ್ರಾಫರ್, ಎಲೆಕ್ಟ್ರಿಷಿಯನ್‌ಗೆ ಇರುವುದು ಪರಿಚಯದ ಏಜೆಂಟ್ ಒಬ್ಬರೇ. ಹತ್ತು ಕಂಪನಿಯ ಹತ್ತು ಪುಸ್ತಿಕೆ ಹೋಲಿಸಿ ನೋಡುವಷ್ಟು ಬಿಡುವು ಅಂಗಡಿಯಲ್ಲಿ ಕೂತವರಿಗೆ ಎಲ್ಲಿಯದು? ಪ್ರೀಮಿಯಂ ಕಂತಿನಲ್ಲೂ ಕಟ್ಟಬಹುದು. ಮದುವೆ ಸೀಸನ್ನಿನಲ್ಲಿ ಕೈತುಂಬ, ಆಷಾಢದಲ್ಲಿ ಬರಿಗೈ ಎನ್ನುವವರಿಗೆ ಇದು ಸಣ್ಣ ಸೌಲಭ್ಯವಲ್ಲ. ಆಯುರ್ವೇದ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಪಡೆದ ಚಿಕಿತ್ಸೆಗೂ ಹಣ ಸಿಗುತ್ತದೆ.

ತೊಡಕಿರುವುದು ಪುಸ್ತಿಕೆಯ ಒಂದೇ ಸಾಲಿನಲ್ಲಿ. ರೂಮ್ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 2, ಹೆಚ್ಚೆಂದರೆ 5,000 ರೂಪಾಯಿ. ಎರಡು ಲಕ್ಷದ ಪಾಲಿಸಿಗೆ 4,000. ಇವರಿಗೆ ಸಿಕ್ಕ ರೂಮು 6,000ದ್ದು, ಇದ್ದದ್ದು ನಾಲ್ಕು ದಿನ. ದಿನಕ್ಕೆ ಎರಡು ಸಾವಿರದಂತೆ ಎಂಟು ಸಾವಿರ ಹೋಗಬಹುದು ಎಂದು ಅವರು ಲೆಕ್ಕ ಹಾಕಿದ್ದರು. ಯಾರಾದರೂ ಹಾಗೇ ಹಾಕುತ್ತಾರೆ.

ಆದರೆ ಮಿತಿ ಮೀರಿದ ರೂಮು ಹಿಡಿದರೆ ಕಡಿತ ಬಾಡಿಗೆಗಷ್ಟೇ ನಿಲ್ಲುವುದಿಲ್ಲ. ಸರ್ಜನ್ ಫೀಸು, ಅರಿವಳಿಕೆ ವೈದ್ಯರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲಕ್ಕೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳುತ್ತದೆ. ಅವರ ಬಿಲ್ಲಿನಲ್ಲಿ ರೂಮಿಗೆ 24,000, ಸರ್ಜನ್ ಮೊದಲಾದವರ ಬಾಬ್ತು 90,000, ಔಷಧಿ ಮತ್ತು ಪರೀಕ್ಷೆಗೆ 40,000, ಒಟ್ಟು 1,54,000 ರೂಪಾಯಿ. ಆರು ಸಾವಿರದ ರೂಮಿಗೆ ನಾಲ್ಕು ಸಾವಿರದ ಅರ್ಹತೆ, ಅಂದರೆ ಮೂರರಲ್ಲಿ ಎರಡು ಪಾಲು. ರೂಮಿಗೆ 16,000 ಒಪ್ಪಿದರು, 90,000ಕ್ಕೆ 60,000. ಔಷಧಿ, ಪರೀಕ್ಷೆಗೆ ಈ ಕತ್ತರಿ ಇಲ್ಲ, ಅದು ಪೂರ್ತಿ ಬಂತು. ಒಟ್ಟು 1,16,000. ಅದರಲ್ಲೂ ಶೇ. 5 ಪಾಲಿಸಿದಾರನೇ ಭರಿಸಬೇಕು. ಕೊನೆಗೆ ಕೈಗೆ ಬಂದದ್ದು 1,10,200. ಕೈಯಿಂದ ಹೋದದ್ದು 43,800. ಉಳಿದ ಖರ್ಚು ಇಷ್ಟೇ ಇದ್ದು, ನಾಲ್ಕು ಸಾವಿರದ ರೂಮು ಹಿಡಿದಿದ್ದರೆ ಅವರ ಪಾಲಿಗೆ ಬೀಳುತ್ತಿದ್ದದ್ದು 7,300 ಮಾತ್ರ.

ಲೆಕ್ಕವನ್ನು ಅವರ ಅಳತೆ ಪುಸ್ತಕದ ಹಾಳೆಯಲ್ಲೇ ಬರೆದು ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಅಡ್ಮಿಟ್ ಮಾಡ್ಕೊಳ್ಳೋವಾಗ ಒಂದು ಮಾತು ಹೇಳಿದ್ರೆ ಜನರಲ್ ವಾರ್ಡಲ್ಲೇ ಇರ್ತಿದ್ದೆ" ಅಂದರು. ಈ ಪಾಲಿಸಿಯ ಮೇಲೆ ನನಗಿರುವ ಮುಖ್ಯ ಆಕ್ಷೇಪ ಇದೇ. ಹೊಟ್ಟೆ ಹಿಡಿದುಕೊಂಡು ರಾತ್ರಿ ಹನ್ನೊಂದಕ್ಕೆ ಬಂದ ಮನುಷ್ಯ ಖಾಲಿ ಇರುವ ರೂಮು ಹಿಡಿಯುತ್ತಾನೆ. ಆ ಒಂದು ಒಪ್ಪಿಗೆ ಇಡೀ ಬಿಲ್ಲನ್ನು ಎಳೆದುಕೊಂಡು ಹೋಗುವಂತೆ ಷರತ್ತು ಬರೆದಿರುವುದು ತಪ್ಪು. ವಿಮಾ ಮೊತ್ತ ಹೆಚ್ಚಿಸಿಕೊಂಡರೂ ಉಪಯೋಗ ಅಷ್ಟಕ್ಕಷ್ಟೇ. ಹತ್ತು ಲಕ್ಷದ ಪಾಲಿಸಿ ಕೊಂಡರೂ ರೂಮಿನ ಮಿತಿ ಅದೇ 5,000. ಹಾಗಾಗಿ ಪಾಲಿಸಿ ಕೊಳ್ಳುವವರು "ಎಷ್ಟು ಲಕ್ಷದ್ದು" ಎಂದು ಕೇಳುವ ಮೊದಲು ರೂಮಿನ ಮಿತಿ ಎಷ್ಟೆಂದು ಕೇಳಲಿ. ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಲು ಶಕ್ತಿಯಿದ್ದವರು ಮಿತಿ ಇಲ್ಲದ ಪಾಲಿಸಿಯನ್ನೇ ಕೊಳ್ಳಲಿ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ, ಅಷ್ಟು ಹಗುರವಾಗಿದೆ.

ಪ್ರಸ್ತಾವ ಅರ್ಜಿಯ ವಿಷಯವನ್ನೂ ಹೇಳಬೇಕು. ಟೈಲರಿಗೆ ಆರು ವರ್ಷದಿಂದ ಶುಗರ್ ಇದೆ. ಅರ್ಜಿಯಲ್ಲಿ ಆ ಪ್ರಶ್ನೆಯ ಮುಂದೆ "ಇಲ್ಲ" ಎಂದಿತ್ತು. ತುಂಬಿದ್ದು ಏಜೆಂಟ್, ಸಹಿ ಇವರದು. ಅಪೆಂಡಿಕ್ಸಿಗೆ ಅದು ಅಡ್ಡ ಬರಲಿಲ್ಲ. ನಾಳೆ ಕಾಲಿನ ಗಾಯ ವಾಸಿಯಾಗದೆ ಆಸ್ಪತ್ರೆ ಸೇರಿದರೆ ಬರುತ್ತದೆ. ಇರುವ ಕಾಯಿಲೆಯನ್ನು ಹೇಳಿಕೊಂಡರೆ 2024ರ ನಿಯಮದ ಪ್ರಕಾರ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಮುಚ್ಚಿಟ್ಟರೆ ಪಾಲಿಸಿಯೇ ರದ್ದಾಗಬಹುದು. ನಲವತ್ತು ದಾಟಿದ ಎಷ್ಟು ಮನೆಗಳಲ್ಲಿ ಶುಗರ್, ಬಿಪಿ ಇಲ್ಲ ಹೇಳಿ. ಕಂಪನಿ ಕೊಡುವ ಗ್ರಾಹಕ ಮಾಹಿತಿ ಪತ್ರವನ್ನು ಕೇಳಿದರೆ ಕನ್ನಡದಲ್ಲೂ ಕೊಡಬೇಕು. ಕೇಳುವವರೇ ಕಡಿಮೆ.

ಸರ್ಕಾರಿ ಯೋಜನೆಗಳು ಇದ್ದೇ ಇವೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜು ದರದ ಶೇ. 30 ಮಾತ್ರ. ಸ್ವಂತ ಅಂಗಡಿ ಇಟ್ಟುಕೊಂಡ ಹೆಚ್ಚಿನವರು ಈ ಎರಡನೆಯ ಸಾಲಿನವರು. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಉಂಟು. 2003ರಲ್ಲಿ ಶುರುವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಗಿ, ಮತ್ತೆ 2022–23ರಲ್ಲಿ ಜೀವ ಪಡೆದ ಯೋಜನೆ ಅದು. ನಮ್ಮ ಟೈಲರು ಪತ್ತಿನ ಸಂಘದ ಸದಸ್ಯರು. ಯಶಸ್ವಿನಿಗೆ ಹೆಸರು ನೋಂದಾಯಿಸಬಹುದೇ ಎಂದು ಅಲ್ಲಿ ಒಮ್ಮೆಯೂ ವಿಚಾರಿಸಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಬಿಲ್ಲಿನಲ್ಲಿ ಇಲ್ಲದ ಖರ್ಚು. ಮೂರು ವಾರ ಅಂಗಡಿ ಬಾಗಿಲು ಹಾಕಿತ್ತು. ಹನ್ನೆರಡು ಬ್ಲೌಸು, ಒಂದು ಮದುವೆ ಮನೆಯ ಅಷ್ಟೂ ಬಟ್ಟೆ ವಾಪಸ್ಸು ಹೋದವು. ಅಂಗಡಿ ಬಾಡಿಗೆ ನಿಲ್ಲಲಿಲ್ಲ. ಇದೇ ಕೆಲಸವನ್ನು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ 21,000 ರೂಪಾಯಿಯೊಳಗಿನ ಸಂಬಳಕ್ಕೆ ಮಾಡುವವರಿಗೆ ಇಎಸ್‌ಐ ಇದೆ. ಕಾಯಿಲೆ ಬಿದ್ದು ರಜೆ ಹಾಕಿದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಸಿಗುತ್ತದೆ. ಅದೇ ಹೊಲಿಗೆ ಯಂತ್ರ, ಅದೇ ಕೆಲಸ. ಸ್ವಂತಕ್ಕೆ ಹೊಲಿದರೆ ಆರೋಗ್ಯ ಸಂಜೀವಿನಿಯೂ ಆ ಮೂರು ವಾರಕ್ಕೆ ಒಂದು ರೂಪಾಯಿ ಕೊಡುವುದಿಲ್ಲ. ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಇಂತಿಷ್ಟೆಂದು ನಗದು ಕೊಡುವ ಪಾಲಿಸಿಗಳು ಬೇರೆಯೇ ಇವೆ. ಅವುಗಳ ಹಣವೂ ಆಸ್ಪತ್ರೆಯ ದಿನಗಳಿಗಷ್ಟೇ, ಮನೆಯಲ್ಲಿ ಹೊಲಿಗೆ ಹಾಕಿದ ಹೊಟ್ಟೆ ಹಿಡಿದು ಮಲಗಿದ ದಿನಗಳಿಗಲ್ಲ.

ಮುಂದಿನ ತಿಂಗಳು ಅವರ ಪಾಲಿಸಿ ನವೀಕರಣ. ಶುಗರ್ ಇರುವುದನ್ನು ತಿಳಿಸಿ ಕಂಪನಿಗೆ ಒಂದು ಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.